ಒಳಗೆ ಹೋದ ಸಾಲು, ಹೊರಗೆ ಬಂದ ಸಾಲು: ಘಟ್ಟದ ಗುಹೆಯೊಂದರ ಪ್ರಕರಣ

ಶಿರಸಿ ಸೀಮೆಯ ಒಂದು ಕೂಡುಕುಟುಂಬದ, ನೆಂಟರೂ ಸೇರಿ, ಒಂಬತ್ತು ಜನರನ್ನು ಜಿಲ್ಲೆಯ ಘಟ್ಟದ ಮೇಲಿನ ಒಂದು ಸುಣ್ಣಕಲ್ಲಿನ ಗುಹೆಗೆ ಕರೆದುಕೊಂಡು ಹೋದಾಗ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೂ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ, ನಾನು ಮತ್ತು ನನ್ನ ಸಹಾಯಕ ಸೇರಿ, ನಾವು ಹನ್ನೊಂದು ಜನ ಆ ಕಲ್ಲಿನೊಳಗೆ ಹಿಂದೆ ಬರಲಾರದೆ ಮುಂದೆ ಹೋಗಲಾರದೆ ಇದ್ದೆವು. ಅದಕ್ಕೆ ಕಾರಣ ಗುಹೆಯಲ್ಲ, ನಾನು ಜನರನ್ನು ನಿಲ್ಲಿಸಿದ ಕ್ರಮ. ನನ್ನ ಹಾಗೆಯೇ ಊರವರನ್ನು, ನೆಂಟರನ್ನು, ಶಾಲೆಯ ಮಕ್ಕಳನ್ನು ಇಂಥ ಜಾಗಗಳಿಗೆ ಕರೆದೊಯ್ಯುವವರು ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆದಿಡಬೇಕು ಅನ್ನಿಸಿತು.

ಕುಟುಂಬದವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆದಿದ್ದೇನೆ. ಹೆಸರು, ಊರು, ಗುಹೆಯ ಗುರುತು ಬಿಟ್ಟಿದ್ದೇನೆ, ವಯಸ್ಸುಗಳನ್ನು ತುಸು ಬದಲಿಸಿದ್ದೇನೆ. ಗುಹೆಯ ಅಳತೆ ಮತ್ತು ಯಾರ ಹಿಂದೆ ಯಾರಿದ್ದರು ಎಂಬುದು ಮಾತ್ರ ಇದ್ದಂತೆಯೇ ಇದೆ.

ಹಿನ್ನೆಲೆ

ಉತ್ತರ ಕನ್ನಡದವರು ಗುಹೆಗೆ ಹೋಗುವುದು ಮೊದಲು ದೇವರಿಗಾಗಿ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ ಎಂಬ ಲೆಕ್ಕ ಪ್ರವಾಸಿಗರಿಗೆ. ನಮ್ಮ ಹಿರಿಯರಿಗೆ ಮುಖ್ಯವಾದದ್ದು ಆ ಬಂಡೆಯ ಸೀಳಿನಲ್ಲಿ ಲಿಂಗದ ಮೇಲೆ ಮಾಡಿನಿಂದ, ಅಂದರೆ ಮೇಲ್ಛಾವಣಿಯಿಂದ, ತೊಟ್ಟಿಕ್ಕುವ ನೀರು. ದಾಂಡೇಲಿ ಕಾಡಿನ ಕವಳಾ ಗುಹೆಗೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದು, ಆಮೇಲೆ ಮಂಡಿಯೂರಿ ತೆವಳಿ ಹೋಗುವುದು ಒಳಗೆ ತಾನಾಗಿ ಬೆಳೆದ ಲಿಂಗವಿದೆ ಎಂದು. ಉಳವಿಗೆ ಹೋದವರು ಚನ್ನಬಸವಣ್ಣನವರ ದರ್ಶನ ಮುಗಿಸಿ ಸುತ್ತಲಿನ ಗವಿಗಳನ್ನೂ ನೋಡದೆ ಬರುವುದಿಲ್ಲ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಮಾತು ಯಾಣಕ್ಕೆ ದಾರಿಯೇ ಇಲ್ಲದ ಕಾಲದ್ದು. ಇಂಥ ಜಾಗಕ್ಕೆ ಹೊರಡಲು ಮೈಯಲ್ಲಿ ಕಸುವು ಬೇಕು ಎಂಬ ತಿಳಿವಳಿಕೆ ಅದರಲ್ಲಿ ಇತ್ತು. ಈಗ ಗಾಡಿ ಹತ್ತಿರದವರೆಗೂ ಹೋಗುತ್ತದೆ. ಹಾಗಾಗಿ ಆ ತಿಳಿವಳಿಕೆ ಜನರಲ್ಲಿ ಕಡಿಮೆಯಾಗಿದೆ, ನನ್ನಲ್ಲೂ ಕಡಿಮೆಯಾಗಿತ್ತು.

ಈ ಮನೆಯ ಅಜ್ಜಿಗೆ 74 ವರ್ಷ. ಗುಹೆಯ ಲಿಂಗಕ್ಕೆ ತನ್ನ ಕೈಯಾರೆ ನೀರು ಹಾಕುವುದಾಗಿ ಅವರು ಬಹಳ ಹಿಂದೆ ಹರಕೆ ಹೇಳಿಕೊಂಡಿದ್ದರು. ಶಿವರಾತ್ರಿಯ ಹೊತ್ತಿಗೆ ಜನಜಂಗುಳಿ ಇರುತ್ತದೆ ಎಂದು, ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ ಮಾಘದ ಒಂದು ದಿನ ಗೊತ್ತುಮಾಡಿದರು. ಕಾಡಿಗೆ ಹೋಗಲು ಬೇಕಾದ ಅನುಮತಿಯನ್ನು ನಾನು ಮೊದಲೇ ಪಡೆದಿದ್ದೆ. ಮಳೆ ನಿಂತು ತಿಂಗಳುಗಳಾಗಿದ್ದವು, ಒಳಗೆ ನೀರು ನುಗ್ಗುವ ಭಯ ಇರಲಿಲ್ಲ. 2018ರಲ್ಲಿ ಥಾಯ್ಲೆಂಡಿನ ಗುಹೆಯೊಂದರಲ್ಲಿ ಹನ್ನೆರಡು ಹುಡುಗರು ಮತ್ತು ಅವರ ತರಬೇತುದಾರ ಮಳೆನೀರಿಗೆ ಸಿಕ್ಕಿಬಿದ್ದ ಸುದ್ದಿ ಕೇಳಿದ ಮೇಲೆ, ಜೂನ್‌ನಿಂದ ದೀಪಾವಳಿಯವರೆಗೆ ನಾನು ಯಾರನ್ನೂ ಒಳಗೆ ಕರೆದೊಯ್ಯುವುದಿಲ್ಲ.

ಮನೆಯವರಿಗೆ ಗುಹೆ ಹೊಸದಲ್ಲ. ಎರಡು ವರ್ಷದ ಹಿಂದೆ ಎಲ್ಲರೂ ಸೇರಿ ವಿಶಾಖಪಟ್ಟಣದ ಕಡೆ ಹೋದಾಗ ಅರಕು ಕಣಿವೆಯ ಬೊರ್ರಾ ಗುಹೆಗಳನ್ನು ನೋಡಿದ್ದರು. ಬೊರ್ರಾ ಇರುವುದು ಅನಂತಗಿರಿ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ 705 ಮೀಟರ್ ಎತ್ತರದಲ್ಲಿ. ರೈಲಿನಲ್ಲೇ ಹೋಗಬಹುದು, ಬೊರ್ರಾ ಗುಹಲು ಎಂದು ನಿಲ್ದಾಣವೇ ಇದೆ. ಗುಹೆಯ ಬಾಯಿ ಒಂದು ದೊಡ್ಡ ದೇವಸ್ಥಾನದ ಚಂದ್ರಶಾಲೆಗಿಂತ ಅಗಲ. ಒಳಗೆ ಮೆಟ್ಟಿಲು, ಕಂಬಿ, ಬಣ್ಣಬಣ್ಣದ ದೀಪ. ಅಲ್ಲೂ ಕಲ್ಲಿನ ಲಿಂಗವಿದೆ, ಹಸುವೊಂದು ಮೇಲಿನ ರಂಧ್ರದಿಂದ ಒಳಗೆ ಬಿದ್ದ ಕತೆಯಿದೆ, ಹಸುವಿನ ಕೆಚ್ಚಲಿನಿಂದ ಹುಟ್ಟಿತು ಎನ್ನುವ ಗೋಸ್ತನಿ ನದಿಯಿದೆ. ಅಜ್ಜಿ ಅಲ್ಲಿ ಮೊಮ್ಮಗನ ಕೈ ಹಿಡಿದು ಮೆಟ್ಟಿಲು ಹತ್ತಿಳಿದದ್ದನ್ನು ಮನೆಮಂದಿ ಹೆಮ್ಮೆಯಿಂದ ಹೇಳುತ್ತಿದ್ದರು. ‘ಬೊರ್ರಾ ನೋಡಿ ಬಂದವರಿಗೆ ನಮ್ಮ ಘಟ್ಟದ ಗುಹೆ ಎಂತ ದೊಡ್ಡದು’ ಎಂದು ಹಿರಿಯ ಮಗ ಎರಡು ಸಲ ಹೇಳಿದರು, ನಾನೂ ತಲೆಯಾಡಿಸಿದೆ.

ಆ ಪ್ರವಾಸದ ಇನ್ನೊಂದು ಸಂಗತಿ ಮಾತಿನ ನಡುವೆ ಬಂದಿತ್ತು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಿರಿಯ ಸೊಸೆ ಬೊರ್ರಾದಲ್ಲಿ ಪೂರ್ತಿ ಒಳಗೆ ಬಂದಿರಲಿಲ್ಲ, ಮಗಳಿಗೆ ನೀರು ಬೇಕಾಯಿತೆಂದು ಅರ್ಧಕ್ಕೇ ಹೊರಗೆ ಹೋಗಿದ್ದರು.

ಗುಹೆ ಮತ್ತು ಸಾಲು

ನಾವು ಹೋದ ಗುಹೆಯಲ್ಲಿ ಮೆಟ್ಟಿಲು ಇಳಿದ ಕೂಡಲೇ ಒಂದು ಹಜಾರ ಸಿಗುತ್ತದೆ, ಹದಿನೈದು ಜನ ಆರಾಮಾಗಿ ನಿಲ್ಲಬಹುದು. ಅದರ ಮೂಲೆಯಿಂದ ಒಂದು ಗೂಡುದಾರಿ, ಒಟ್ಟು ಇಪ್ಪತ್ತನಾಲ್ಕು ಅಡಿ. ಮೊದಲ ಹದಿನಾರು ಅಡಿ ಕುಕ್ಕರುಗಾಲಿನಲ್ಲಿ ಹೋಗಬಹುದು. ಅಲ್ಲಿ ದಾರಿ ಬಲಕ್ಕೆ ತಿರುಗುತ್ತದೆ, ಮುಂದಿನ ಎಂಟು ಅಡಿ ಕೈಮಂಡಿಯೂರಿ ತೆವಳಲೇಬೇಕು. ಅದು ಮುಗಿದಲ್ಲಿ ಲಿಂಗವಿರುವ ಒಳಕೋಣೆ, ಆರು ಜನಕ್ಕೆ ಸರಿಯಾಗುತ್ತದೆ. ಅಲ್ಲಿಂದ ಆಚೆ ದಾರಿಯಿಲ್ಲ. ಹೋದ ದಾರಿಯಲ್ಲೇ ಬರಬೇಕು.

ನನ್ನ ಮೂಲ ಲೆಕ್ಕದಲ್ಲಿ ಎರಡು ತಂಡ ಇತ್ತು. ಹಜಾರದಲ್ಲಿ ನಿಂತಾಗ ಹಿರಿಯ ಮಗ, “ಹರಕೆ ಮನೆಯದು, ಮಂಗಳಾರತಿ ಹೊತ್ತಿಗೆ ಎಲ್ಲರೂ ಒಟ್ಟಿಗೆ ಇರಬೇಕು” ಎಂದರು. ಮಾತು ನ್ಯಾಯವೇ ಅನ್ನಿಸಿತು. ಐದು ನಿಮಿಷದ ಕೆಲಸ ಎಂದು ನಾನು ಒಪ್ಪಿಬಿಟ್ಟೆ. ತಪ್ಪಿದ್ದು ಮೊದಲು ಅಲ್ಲಿ. ಆರು ಜನರ ಕೋಣೆಗೆ ಹನ್ನೊಂದು ಜನ ಹೊರಟರೆ ಉಳಿದ ಐವರು ನಿಲ್ಲುವುದು ದಾರಿಯಲ್ಲೇ ಎಂಬ ಸಣ್ಣ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಸಾಲು ಹೀಗಿತ್ತು. ಮುಂದೆ ನಾನು, ನನ್ನ ಹಿಂದೆ ಅಜ್ಜಿ. ಅವರ ಹಿಂದೆ ಹಿರಿಯ ಮಗ, ಹಿರಿಯ ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗ, ಹೈಸ್ಕೂಲಿನ ಮೊಮ್ಮಗಳು. ಏಳನೆಯವರು ಕಿರಿಯ ಸೊಸೆ, ಎಂಟನೆಯವರು ಅವರ ಗಂಡ, ಒಂಬತ್ತು ಮತ್ತು ಹತ್ತು ನೆಂಟರು. ಕೊನೆಯಲ್ಲಿ ಬ್ಯಾಟರಿ ಹಿಡಿದ, ನನ್ನ ಜೊತೆ ಸಹಾಯಕ್ಕೆ ಬರುವ ಊರಿನ ಹುಡುಗ.

ಅಜ್ಜಿಯನ್ನು ನನ್ನ ಬೆನ್ನಿಗೇ ಇಟ್ಟುಕೊಂಡದ್ದು ಕಾಡು ಸುತ್ತಿ ಕಲಿತ ರೂಢಿ. ಘಟ್ಟ ಹತ್ತುವಾಗ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದಾಳಿನ ಹಿಂದೆ ನಿಲ್ಲಿಸುತ್ತಾರೆ. ಆಗ ಇಡೀ ಸಾಲು ಅವರ ನಡಿಗೆಗೆ ಹೊಂದಿಕೊಳ್ಳುತ್ತದೆ, ಯಾರೂ ಹಿಂದೆ ಬೀಳುವುದಿಲ್ಲ. ಕಾಡಿನ ದಾರಿಯಲ್ಲಿ ಅದು ಸರಿ, ಏಕೆಂದರೆ ಅಲ್ಲಿ ಬೇಕಾದಲ್ಲಿ ಪಕ್ಕಕ್ಕೆ ಸರಿಯಬಹುದು, ತಿರುಗಿ ಸಾಲು ಬದಲಿಸಬಹುದು. ಕೊನೆ ಮುಚ್ಚಿದ ಗೂಡುದಾರಿಯಲ್ಲಿ ಮೊದಲು ಹೋದವರು ಕೊನೆಗೆ ಬರುತ್ತಾರೆ. ಯಾರನ್ನು ಜೋಪಾನ ಮಾಡಬೇಕೆಂದು ಹೊರಟೆನೋ ಅವರನ್ನೇ ಬಾಗಿಲಿನಿಂದ ಅತಿ ದೂರದಲ್ಲಿ ಕೂರಿಸಿದ್ದೆ. ಇದು ಹೊಳೆದದ್ದು ಎಲ್ಲ ಆದ ಮೇಲೆ.

ಬೆಂಕಿಯ ವಿಷಯ

ಗುಹೆಯ ಬಾಯಿಯ ಮೇಲಿನ ಬಂಡೆಗೆ ಹೆಜ್ಜೇನು ಕಟ್ಟಿತ್ತು, ನಾಲ್ಕೈದು ದೊಡ್ಡ ತಟ್ಟಿಗಳು. ಹಿರಿಯ ಮಗ ಮೆಟ್ಟಿಲ ಹತ್ತಿರ ಊದಿನಕಡ್ಡಿ ತೆಗೆದಾಗ ನಾನು ತಡೆದೆ. ಹೊಗೆ ಹೋದರೆ ಹುಳ ಏಳುತ್ತದೆ, ಎದ್ದರೆ ಇಲ್ಲಿ ಓಡಲೂ ಜಾಗವಿಲ್ಲ ಎಂದೆ. ಅವರು ತಲೆಯೆತ್ತಿ ನೋಡಿ, ಮಾತಿಲ್ಲದೆ ಕಡ್ಡಿಯನ್ನು ಚೀಲಕ್ಕೆ ಹಾಕಿದರು. ಹೆಜ್ಜೇನು ಯಾರಿಗೂ ವಿವರಿಸಬೇಕಾದ ವಿಷಯವಲ್ಲ.

ಆದರೆ ಬೆಂಕಿ ಬೇಡ ಎನ್ನುವುದಕ್ಕೆ ನಾನು ಕೊಟ್ಟ ಕಾರಣ ಜೇನು ಒಂದೇ. ಒಳಕೋಣೆಯಲ್ಲಿ ಜೇನಿರಲಿಲ್ಲ. ಅಜ್ಜಿ ಗಿಂಡಿಯಿಂದ ನೀರು ಹಾಕಿ ಕೈಮುಗಿದ ಮೇಲೆ ಹಿರಿಯ ಮಗ ಬಿಲ್ಲೆ ಕರ್ಪೂರ ತೆಗೆದು ಆರತಿಗೆ ಹಚ್ಚಿದರು. ಒಂದಲ್ಲ, ಒಂದು ಮುಷ್ಟಿ. ನಾನು ಅಜ್ಜಿಯ ತೋಳು ಹಿಡಿದು ಕೂತಿದ್ದೆ, ನೋಡುವಷ್ಟರಲ್ಲಿ ಹತ್ತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ನಾನು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಒಂದು ನಿಯಮಕ್ಕೆ ಒಂದೇ ಕಾರಣ ಹೇಳಿದರೆ ಆ ಕಾರಣ ಇಲ್ಲದ ಕಡೆ ನಿಯಮವೂ ಇಲ್ಲ ಎಂದೇ ಜನ ತಿಳಿಯುತ್ತಾರೆ, ಹಾಗೆ ತಿಳಿಯುವುದು ಸಹಜ.

ಕರ್ಪೂರದ ಹೊಗೆ ಕಪ್ಪು, ದಟ್ಟ. ಆ ಕೋಣೆಗೆ ಬೇರೆ ಕಂಡಿಯಿಲ್ಲ. ಹೊಗೆ ಮಾಡಿಗೆ ತಾಗಿ ನಿಧಾನವಾಗಿ ಕೆಳಗಿಳಿಯಿತು, ಉಳಿದದ್ದು ನಾವು ಬಂದ ತೂತಿನಿಂದಲೇ ಹೊರಗೆ ಹೊರಟಿತು. ಆ ತೂತಿನಲ್ಲಿ ಆಗ ಏಳನೆಯವರು ಇದ್ದರು. ಹೊಗೆಗೆ ಎದ್ದ ಬಾವಲಿಗಳೂ ಅದೇ ದಾರಿ ಹಿಡಿದವು, ತೆವಳುತ್ತಿದ್ದವರ ಬೆನ್ನಿನ ಮೇಲಿಂದ, ಕೂದಲು ಸವರಿಕೊಂಡು.

ಇಪ್ಪತ್ತು ನಿಮಿಷ

ಮೊದಲು ಕೆಮ್ಮು ಕೇಳಿತು. ಆಮೇಲೆ, “ಯಂಗೆ ಆಗ್ತಿಲ್ಲೆ, ಯಂಗೆ ಆಗ್ತಿಲ್ಲೆ” ಎಂಬ ಕೂಗು, ನನಗೆ ಆಗುತ್ತಿಲ್ಲ ಎಂದು. ಕಿರಿಯ ಸೊಸೆ ತಿರುವು ದಾಟಿ ಎರಡಡಿ ಬಂದಿದ್ದರು. ಕೋಣೆಗೆ ಆರು ಅಡಿ, ಹಜಾರಕ್ಕೆ ಹದಿನೆಂಟು. ಅವರ ಹಿಂದೆ ಗಂಡ, ಗಂಡನ ಹಿಂದೆ ಇಬ್ಬರು.

ನಾನು ಮಾಡಿದ ಮೊದಲ ಕೆಲಸ “ಎಲ್ಲರೂ ಹಿಂದೆ ಸರಿಯಿರಿ” ಎಂದು ಕೂಗಿದ್ದು. ಅದರಿಂದ ಕೆಡುಕೇ ಆಯಿತು. ಗುಹೆಯಲ್ಲಿ ಕೂಗಿದ ಮಾತು ಮಾತಾಗಿ ತಲುಪುವುದಿಲ್ಲ, ಗದ್ದಲವಾಗಿ ತಲುಪುತ್ತದೆ. ತಿರುವಿನ ಆಚೆ ಇದ್ದ ಇಬ್ಬರಿಗೆ ಒಳಗೆ ಏನೋ ಆಗಿದೆ ಎಂದಷ್ಟೇ ತಿಳಿಯಿತು, ಸಹಾಯಕ್ಕೆಂದು ಅವರು ಮುಂದಕ್ಕೆ ಒತ್ತಿದರು. ಕೋಣೆಯಲ್ಲಿದ್ದವರು ನಾಲ್ಕು ಜನ ನಾಲ್ಕು ಮಾತು ಕೂಗಿದರು.

ಎರಡನೆಯದು ಗಂಡ ಮಾಡಿದ್ದು. ಹೆಂಡತಿಯ ಮುಖ ಅವರಿಗೆ ಕಾಣುತ್ತಿರಲಿಲ್ಲ, ಪಾದ ಮಾತ್ರ ಕಾಣುತ್ತಿತ್ತು. “ನಾನಿದ್ದೆ, ಹೆದ್ರಡ” ಎಂದು ಪಾದ ಗಟ್ಟಿಯಾಗಿ ಹಿಡಿದುಕೊಂಡರು. ಪ್ರೀತಿಯಿಂದಲೇ ಹಿಡಿದದ್ದು. ಆದರೆ ಉಸಿರು ಕಟ್ಟಿದೆ ಎನ್ನಿಸುತ್ತಿರುವಾಗ ಹಿಂದಿನಿಂದ ಯಾರೋ ಕಾಲು ಹಿಡಿದರೆ ಹೇಗಿರುತ್ತದೆ? ಅವರು ಜಾಡಿಸಿ ಒದ್ದರು. ಮೊಣಕೈ, ಮಂಡಿ ಕಲ್ಲಿಗೆ ಉಜ್ಜಿ ಚರ್ಮ ಹೋಯಿತು.

ಮೂರನೆಯದು ಒಂದು ಸಲಹೆ. “ಆರಡಿ ಅಷ್ಟೇಯ, ಒಳಗೇ ಎಳ್ಕಂಬನ” ಎಂದರು ಹಿರಿಯ ಮಗ. ನಾನು ಕೈ ಚಾಚಿಯೂ ಆಗಿತ್ತು. ಕೈ ಚಾಚಿದಾಗ ಅವರ ಮುಖಕ್ಕೆ ನನ್ನ ತಲೆದೀಪದ ಬೆಳಕು ನೇರ ಬಿತ್ತು, ಅವರು ಕಣ್ಣು ಮುಚ್ಚಿ ಮುಖ ತಿರುಗಿಸಿದರು. ನಾನು ಅಲ್ಲೇ ತಡೆದೆ. ಒಳಗೆ ಎಳೆದುಕೊಂಡರೆ ಹತ್ತಿರವಾಯಿತು ನಿಜ. ಆದರೆ ಹೊಗೆ ಇರುವುದು ಒಳಗೆ, ಮತ್ತೆ ಆ ಎಂಟಡಿ ತೆವಳುವುದು ತಪ್ಪುವುದಿಲ್ಲ. ಹಿಂದೆ ಕಳಿಸಲು ಮೂರು ಜನ ದಾರಿ ಬಿಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಎರಡೂ ತೂಗಿ ನನಗೆ ಬಗೆಹರಿಯಲಿಲ್ಲ. ಆಗ ಅವರನ್ನೇ ಕೇಳಿದೆ: “ಮುಂದೆ ಬರ್ತೀರಾ, ಹಿಂದೆ ಹೋಗ್ತೀರಾ?”

“ಹಿಂದೆ” ಎಂದರು. ಅಷ್ಟು ಹೊತ್ತಿನಲ್ಲಿ ಅವರಿಂದ ಬಂದ ಮೊದಲ ಸ್ಪಷ್ಟ ಮಾತು ಅದು. ಇಡೀ ಪ್ರಕರಣ ಅಲ್ಲಿಂದ ತಿರುಗಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಲ್ಲಿಯವರೆಗೆ ಎಲ್ಲರೂ ಅವರಿಗೆ ಏನು ಮಾಡಬೇಕೆಂದು ಯೋಚಿಸುತ್ತಿದ್ದೆವು, ಅವರಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ.

ಕೋಣೆಯೊಳಗಿನ ದೀಪಗಳನ್ನೆಲ್ಲ ಆರಿಸಲು ಹೇಳಿ, ಒಂದನ್ನು ಮಾತ್ರ ಮಾಡಿನ ಕಡೆ ತಿರುಗಿಸಿಟ್ಟೆವು. ಎಲ್ಲರ ಬಾಯಿ ಮುಚ್ಚಿಸಿದೆ. ಕೊನೆಯಲ್ಲಿದ್ದ ಹುಡುಗನ ಹೆಸರು ಹಿಡಿದು ಕರೆದು, “ಇನ್ನು ಮಾತಾಡುವವನು ನೀನೊಬ್ಬನೇ. ಹತ್ತನೆಯವರನ್ನು ಹೆಸರು ಹೇಳಿ ಕರೆ, ಅವರು ಹಜಾರ ಮುಟ್ಟಿದ ಮೇಲೆ ಒಂಬತ್ತನೆಯವರನ್ನು” ಎಂದೆ. ಆ ಹುಡುಗ ಇಪ್ಪತ್ತು ವರ್ಷದವನು, ಅಂದು ಅವನ ದನಿ ಒಮ್ಮೆಯೂ ಏರಲಿಲ್ಲ. ಒಬ್ಬೊಬ್ಬರನ್ನೇ, ಕಾಲು ಎಲ್ಲಿಡಬೇಕೆಂದು ಹೇಳುತ್ತ ಹಿಂದೆ ತೆಗೆದುಕೊಂಡ. ಗಂಡ ದಪ್ಪ ಆಳು, ತಿರುಗಲು ಜಾಗವಿಲ್ಲ, ಹಿಮ್ಮುಖವಾಗಿಯೇ ಬರಬೇಕು. ಅವರೊಬ್ಬರಿಗೇ ನಾಲ್ಕೈದು ನಿಮಿಷ ಹಿಡಿಯಿತು.

ಆ ನಿಮಿಷಗಳನ್ನು ದಾಟಿಸಿದವರು ಅಜ್ಜಿ. ನನ್ನ ಪಕ್ಕದ ಕತ್ತಲೆಯಿಂದ ಅವರ ದನಿ ಬಂತು, ಮನೆಯ ಒಳಅಂಗಳದಲ್ಲಿ ಕೂತು ಮಾತಾಡಿದ ಹಾಗೆ. “ತಂಗೀ, ಬುತ್ತಿಗೆ ಎಂತೆಂತ ಕಟ್ಟಿದ್ದೆ? ಒಂದೊಂದೇ ಹೇಳು ನೋಡನ.” ಉತ್ತರವಿಲ್ಲ. ಅಜ್ಜಿ ಮತ್ತೆ ಕೇಳಿದರು. ಮೂರನೇ ಸಲಕ್ಕೆ, “ಚಿತ್ರಾನ್ನ” ಎಂದು ಬಂತು. “ಮತ್ತೆಂತ?” “ಮೊಸರನ್ನ.” “ಉಪ್ಪಿನಕಾಯಿ ಯಾವ ಭರಣಿದು? ಅಪ್ಪೆಮಿಡಿದಾ?” ಹೀಗೆ ತೊಡದೇವಿನವರೆಗೂ ನಡೆಯಿತು. ಆಗ ನನಗೆ ಇದು ಮನಸ್ಸು ಬೇರೆ ಕಡೆ ತಿರುಗಿಸುವ ಉಪಾಯ ಎಂದಷ್ಟೇ ಕಂಡಿತು. ಅದಕ್ಕಿಂತ ಹೆಚ್ಚಿನದು ಅಲ್ಲಿತ್ತು. ಗಾಬರಿಯಲ್ಲಿ ಮನುಷ್ಯ ಉಸಿರನ್ನು ಮೇಲಿಂದ ಮೇಲೆ ಎಳೆದುಕೊಳ್ಳುತ್ತಾನೆ, ಪೂರ್ತಿ ಬಿಡುವುದಿಲ್ಲ. ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಆಗ ಉಸಿರೇ ಸಿಗುತ್ತಿಲ್ಲ ಎಂಬ ಭಯ ಇನ್ನೂ ಹೆಚ್ಚುತ್ತದೆ. ಮಾತಾಡಬೇಕಾದರೆ ಉಸಿರು ಬಿಡಲೇಬೇಕು. ಅಜ್ಜಿ ಅವರಿಂದ ಉಸಿರು ಬಿಡಿಸುತ್ತಿದ್ದರು.

ದಾರಿ ಖಾಲಿಯಾದ ಮೇಲೆ ಕಿರಿಯ ಸೊಸೆ ತಾವಾಗಿಯೇ ಹಿಂದೆ ಸರಿದು ಹಜಾರ ಮುಟ್ಟಿದರು. ಹುಡುಗ ಅವರನ್ನು ಮುಟ್ಟಲಿಲ್ಲ, ಬೆಳಕನ್ನು ನೆಲಕ್ಕೆ ಹಿಡಿದು ನಿಂತಿದ್ದ. ಕೈಬೆರಳು ಸೆಟೆದುಕೊಂಡಿದ್ದವು. ಮುಂದಕ್ಕೆ ಬಾಗಿ ಕೂತು, ಉಸಿರನ್ನು ಉದ್ದಕ್ಕೆ ಬಿಡುತ್ತ ಹೋದ ಹಾಗೆ ಹತ್ತು ನಿಮಿಷದಲ್ಲಿ ಸಡಿಲಾದವು.

ಉಳಿದವರು ಒಳಗಿಂದ ಬರಲು ಮತ್ತೆ ಅಷ್ಟೇ ಹೊತ್ತು. ಕೊನೆಯವನು ನಾನು, ನನ್ನ ಮುಂದೆ ಅಜ್ಜಿ. ಕಣ್ಣಲ್ಲಿ ನೀರು, ಕೆಮ್ಮು, ಮೂಗಿನ ಸುತ್ತ ಕರಿ. 74 ವರ್ಷದವರು ಎಲ್ಲರಿಗಿಂತ ಹೆಚ್ಚು ಹೊತ್ತು ಆ ಹೊಗೆಯಲ್ಲಿ ಕೂತಿದ್ದರು, ನಾನು ಕೂರಿಸಿದ ಜಾಗದಲ್ಲಿ.

ಮೂರು ದಿನದ ನಂತರ

ಅವರ ಮನೆಗೆ ಹೋದೆ. ಚಾವಡಿಯಲ್ಲಿ ಎಲ್ಲರೂ ಇದ್ದಾಗ ಮಾತು ಗುಹೆಯ ಬಗ್ಗೆಯೇ ಆಯಿತು, ಎಷ್ಟು ಇಕ್ಕಟ್ಟು, ಎಷ್ಟು ಬಾವಲಿ ಎಂದು. ಕಿರಿಯ ಸೊಸೆ ಕವಳದ ಬಟ್ಟಲು ಇಟ್ಟು ಒಳಗೆ ಹೋದರು. ಹೊರಡುವಾಗ ಹಿತ್ತಲ ಕಡೆ ಅವರೇ ನಿಂತಿದ್ದರು. ಮುಚ್ಚಿದ ಜಾಗ ತನಗೆ ಮೊದಲಿಂದ ಆಗುವುದಿಲ್ಲ ಎಂದರು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದಾಗ ಲಿಫ್ಟ್ ಬಿಟ್ಟು ಐದು ಮಹಡಿ ಹತ್ತಿದ್ದರಂತೆ. ಬೊರ್ರಾದಲ್ಲಿ ನೀರು ಬೇಕಾದದ್ದು ಮಗಳಿಗಲ್ಲ. ಅಷ್ಟು ಅಗಲದ ಗುಹೆಯಲ್ಲೂ ಒಂದು ಹಂತ ದಾಟಿದ ಮೇಲೆ ಹೊರಗಿನ ಬೆಳಕು ಮರೆಯಾದದ್ದೇ ಅವರಿಗೆ ಎದೆ ಹೊಡೆದುಕೊಂಡಿತ್ತು.

ಮೊದಲೇ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. ಕೇಳಬಾರದ ಪ್ರಶ್ನೆ ಅದು. “ಎಲ್ಲ ಹೊರಟಾಗ ಆನೊಬ್ಳು ಬತ್ನಿಲ್ಲೆ ಹೇಳಿ ಹ್ಯಾಂಗೆ ಹೇಳದು? ಅದೂ ಹರಕೆ” ಎಂದರು.

ಇದನ್ನು ಕೇಳಿದ ಮೇಲೆ ನನಗೆ ಹಗ್ಗ, ದೀಪ, ಹೆಲ್ಮೆಟ್ಟುಗಳ ಲೆಕ್ಕಕ್ಕಿಂತ ಇದೇ ದೊಡ್ಡದಾಗಿ ಕಾಣತೊಡಗಿತು. ಅಜ್ಜಿಯ ವಯಸ್ಸು ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಅವರ ಮಂಡಿ, ಬಿಪಿ, ಮಾತ್ರೆ ಎಲ್ಲ ವಿಚಾರಿಸಿದ್ದೆ. 36 ವರ್ಷದ, ಬೆಳಿಗ್ಗೆ ಐದಕ್ಕೆ ಎದ್ದು ಹನ್ನೊಂದು ಜನಕ್ಕೆ ಬುತ್ತಿ ಕಟ್ಟಿದ ಹೆಂಗಸನ್ನು ಯಾರೂ ಏನೂ ಕೇಳಿರಲಿಲ್ಲ. ಅಜ್ಜಿಗೆ ಕತ್ತಲೆ ಹೊಸದಲ್ಲ, ಕರೆಂಟು ಬರುವ ಮುಂಚಿನ ಮಲೆನಾಡಿನ ಮನೆಯಲ್ಲಿ ಬೆಳೆದವರು. ಗಟ್ಟಿ ಯಾರು, ನಾಜೂಕು ಯಾರು ಎಂದು ನಾನು ಬರೀ ಕಣ್ಣಿಂದ ಅಳೆದಿದ್ದೆ.

ಈಗ ನಾನು ಮಾಡುವುದು

ಮುಚ್ಚಿದ ಜಾಗದ ಬಗ್ಗೆ ಕೇಳುತ್ತೇನೆ, ಆದರೆ ಮನೆಯ ಚಾವಡಿಯಲ್ಲಿ ಅಲ್ಲ. ಗಾಡಿ ಇಳಿದು ಕಾಡಿನ ದಾರಿಯಲ್ಲಿ ನಡೆಯುವಾಗ ಒಬ್ಬೊಬ್ಬರ ಜೊತೆ ಹೆಜ್ಜೆ ಹಾಕುತ್ತ ಕೇಳುತ್ತೇನೆ. ‘ಹೆದರಿಕೆ ಇದೆಯಾ’ ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಲಿಫ್ಟಿನಲ್ಲಿ ಹೋಗ್ತೀರಾ, ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದ್ದಿರಾ, ರಾತ್ರಿ ಕೋಣೆ ಬಾಗಿಲು ಹಾಕಿಕೊಂಡು ಮಲಗ್ತೀರಾ’ ಎಂದರೆ ನಿಜ ಬರುತ್ತದೆ.

ಹೊರಗೆ ಉಳಿಯುವುದನ್ನು ಒಂದು ಹೊಣೆಯ ಕೆಲಸ ಮಾಡಿದ್ದೇನೆ. ಯಾರಾದರೂ ಒಬ್ಬರು ಹಜಾರದಲ್ಲಿ ಕೂತು, ಒಳಗೆ ಹೋದವರ ಹೆಸರು, ಹೋದ ಹೊತ್ತು, ಬಂದ ಹೊತ್ತು ಬರೆಯಬೇಕು. ಹೇಳಿದ ಹೊತ್ತಿಗೆ ಬಾರದಿದ್ದರೆ ಮೇಲೆ ಹೋಗಿ ಜನ ಕರೆಯಬೇಕು. ಇದು ನಿಜಕ್ಕೂ ಬೇಕಾದ ಕೆಲಸ. ಒಳಗೆ ಬರಲಾರದವರಿಗೆ ಮರ್ಯಾದೆ ಉಳಿಸಿಕೊಳ್ಳುವ ದಾರಿಯೂ ಹೌದು. ಕೆಲಸ ಇದೆ ಎಂದಾಗ ಇಬ್ಬರು ಮೂವರು ತಾವಾಗಿಯೇ ಮುಂದೆ ಬರುತ್ತಾರೆ, ಅವರಲ್ಲಿ ಗಂಡಸರೂ ಇರುತ್ತಾರೆ.

ಒಳಕೋಣೆಯಲ್ಲಿ ಎಷ್ಟು ಜನ ಹಿಡಿಯುತ್ತಾರೋ ಅದಕ್ಕಿಂತ ಒಬ್ಬರು ಕಡಿಮೆ ಒಳಗೆ ಹೋಗುತ್ತೇವೆ. ಅವರು ಒಳಗಿರುವಾಗ ಗೂಡುದಾರಿ ಖಾಲಿ ಇರಬೇಕು, ಆ ವಿಷಯದಲ್ಲಿ ಯಾರ ಮಾತಿಗೂ ಬಗ್ಗುವುದಿಲ್ಲ. ಸಾಲನ್ನು ಹೊರಗೆ ಬರುವ ಲೆಕ್ಕದಲ್ಲಿ ಕಟ್ಟುತ್ತೇನೆ. ಬೇಗ ಹೊರಗೆ ಬರಬೇಕಾಗಬಹುದಾದವರು ಕೊನೆಗೆ ಒಳಗೆ, ಅವರ ಹಿಂದೆ ದಾರಿ ಗೊತ್ತಿರುವ ಒಬ್ಬನೇ. ತೆವಳುವಾಗ ಯಾರೂ ಯಾರ ಕಾಲನ್ನೂ ಹಿಡಿಯಬಾರದು ಎಂದು ಮೊದಲೇ ಹೇಳುತ್ತೇನೆ. ಏನಾದರೂ ಆದರೆ ಮಾತಾಡುವವನು ಬಾಗಿಲ ಕಡೆ ಇರುವವನು, ಒಳಗಿರುವ ನಾನಲ್ಲ.

ಬೆಂಕಿ ಬೇಡ ಎನ್ನುವುದಕ್ಕೆ ಈಗ ಇರುವ ಕಾರಣಗಳನ್ನೆಲ್ಲ ಹೇಳುತ್ತೇನೆ. ಹೊರಗೆ ಹೆಜ್ಜೇನು, ಒಳಗೆ ಉಸಿರು. ಅದರ ಮೇಲೆ ಕಲ್ಲು ಮತ್ತು ಬಾವಲಿ. ಮಳೆನೀರು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಂಡು ಗುಹೆಯ ಮಾಡಿನಿಂದ ತೊಟ್ಟಿಕ್ಕುತ್ತದೆ. ಗಾಳಿ ತಾಗಿ ಆ ಅನಿಲ ಬಿಟ್ಟುಹೋದಾಗ ಸುಣ್ಣದ ಒಂದು ಪದರ ಉಳಿಯುತ್ತದೆ. ನಾವು ಕೈಮುಗಿಯುವ ಲಿಂಗ ಹಾಗೆ ಹನಿ ಹನಿಯಾಗಿ ಸಾವಿರಾರು ವರ್ಷ ಬೆಳೆದದ್ದು. ಅದರ ಮೇಲೆ ಕುಳಿತ ಕರಿ ಮುಂದಿನ ಪದರದೊಳಗೆ ಸೇರಿಹೋಗುತ್ತದೆ, ತೊಳೆದರೆ ಹೋಗುವುದಿಲ್ಲ. ಪದೇ ಪದೇ ಮುಟ್ಟಿದರೆ ಕೈಯ ಜಿಡ್ಡಿಗೆ ಪದರ ಕಟ್ಟುವುದೂ ನಿಲ್ಲುತ್ತದೆ. ಇದನ್ನು ಹೇಳಿದಾಗ ಭಕ್ತಿಯಿರುವವರೇ ಮೊದಲು ಒಪ್ಪುತ್ತಾರೆ, ಲಿಂಗ ಇನ್ನೂ ಬೆಳೆಯುತ್ತಿದೆ ಎಂಬುದು ಅವರಿಗೆ ಬೇಗ ಅರ್ಥವಾಗುತ್ತದೆ.

ಬಾವಲಿಯ ಮಾತು ಬಂದಾಗ ನಮ್ಮ ಜಿಲ್ಲೆಯ ಗಡಿಯಾಚೆಯ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗುಹೆಯ ಕತೆ ಹೇಳುತ್ತೇನೆ. ರಾಟನ್ ಎಂಬವರ ಹೆಸರು ಹೊತ್ತ ಒಂದು ಬಾವಲಿ ಜಾತಿ ಬಹಳ ಕಾಲ ಜಗತ್ತಿನಲ್ಲಿ ಆ ಒಂದೇ ಗುಹೆಯಲ್ಲಿದೆ ಎಂದು ತಿಳಿಯಲಾಗಿತ್ತು, ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿದ್ದು ಬಹಳ ತಡವಾಗಿ. ಒಂದು ಮುಷ್ಟಿ ಕರ್ಪೂರದ ಹೊಗೆಗೆ ಅವತ್ತು ನಮ್ಮ ಬೆನ್ನಿನ ಮೇಲೆ ಹಾದುಹೋದವು ಯಾವ ಜಾತಿಯವೋ, ಆದರೆ ಹಗಲಿನಲ್ಲಿ ಗೂಡು ಬಿಟ್ಟು ಹೊರಗೆ ಬಿದ್ದವು, ಮರಿಯಿದ್ದವೂ ಇದ್ದಿರಬಹುದು. ಆ ಲೆಕ್ಕ ನನ್ನ ಮೇಲಿದೆ.

ಮರುವರ್ಷ

ಮುಂದಿನ ಮಾಘದಲ್ಲಿ ಅದೇ ಮನೆಯವರು ಮತ್ತೆ ಕರೆದರು. ಅಜ್ಜಿಯ ಮಂಡಿ ಬಿಗಿದಿತ್ತು, ಅವರು ಮೆಟ್ಟಿಲ ಮೇಲೆಯೇ ಕೂತರು. ಕಿರಿಯ ಸೊಸೆ ಹೊರಡುವ ಮೊದಲೇ, ಎಲ್ಲರ ಎದುರು, ಹೆಸರು ಬರೆಯುವ ಕೆಲಸ ತನಗೆ ಎಂದರು. ಯಾರೂ ಏನೂ ಹೇಳಲಿಲ್ಲ. ಎರಡು ತಂಡ ಹೋಗಿ ಬಂದವು. ಹಿರಿಯ ಮಗ ಕರ್ಪೂರವನ್ನು ಊರಿನ ದೇವಸ್ಥಾನಕ್ಕೆ ಕೊಟ್ಟು, ಬರಿಗೈಯಲ್ಲಿ ಬಂದಿದ್ದರು.

ಎಲ್ಲ ಮುಗಿದು ಗೂಡುದಾರಿ ಖಾಲಿಯಾದ ಮೇಲೆ ಕಿರಿಯ ಸೊಸೆ ಪುಸ್ತಕವನ್ನು ಹುಡುಗನ ಕೈಗೆ ಕೊಟ್ಟರು. “ತಿರುವಿನವರೆಗೆ ಹೋಗಿ ಬತ್ತೆ. ಹಿಂದೆ ಯಾರೂ ಬಪ್ಪದು ಬೇಡ” ಎಂದರು. ನಾನು ಮೊದಲೇ ಹೋಗಿ ಒಳಕೋಣೆಯಲ್ಲಿ ಒಂದು ದೀಪ ಮಾಡಿನ ಕಡೆ ತಿರುಗಿಸಿಟ್ಟು, ಅಲ್ಲೇ ಗೋಡೆಗೆ ಒರಗಿ ಕೂತೆ. ಅವರು ಕುಕ್ಕರುಗಾಲಿನಲ್ಲಿ ನಿಧಾನ ಬಂದು ತಿರುವಿನಲ್ಲಿ ಕೂತರು. ಅಲ್ಲಿಂದ ಲಿಂಗದ ನೆತ್ತಿ ಮತ್ತು ಅದರ ಮೇಲೆ ಬೀಳುವ ಹನಿ ಕಾಣುತ್ತದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ. ಆಮೇಲೆ “ಇಷ್ಟು ಸಾಕು” ಎಂದು ತಿರುಗಿ ಹೊರಟರು.

ಹಜಾರದಲ್ಲಿ ಹುಡುಗ ಗಡಿಯಾರ ನೋಡಿ, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಹನ್ನೊಂದು ನಿಮಿಷ ಎಂದು ಬರೆದ.